ನಾನು ನೆಟ್ಟಿಲ್ಲ, ಆದರೂ ಬಂದಿದೆ

ಕೈತೋಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ನಾಲ್ಕು ಮಳೆ ಬಿದ್ದದ್ದೇ ತಡ, ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಮಾತು ಹೇಳುತ್ತಿವೆ: "ಮೇಡಂ, ಇದನ್ನು ನಾನು ನೆಟ್ಟಿಲ್ಲ." ಬೀಜ ಹಾಕಿಲ್ಲ, ನರ್ಸರಿಯಿಂದ ತಂದಿಲ್ಲ, ಪಕ್ಕದ ಮನೆಯವರೂ ಕೊಟ್ಟಿಲ್ಲ, ಆದರೂ ಗಿಡ ನಿಂತಿದೆ. ತಂದವರು ಕರೆಂಟ್ ತಂತಿಯ ಮೇಲೆ ಕೂತು ನಿಮ್ಮನ್ನೇ ನೋಡುತ್ತಿರುತ್ತಾರೆ. ಹಾಗಾಗಿ ಈ ಸಲ ಗುಲಾಬಿ, ಗೊಬ್ಬರ, ಬಿಳಿ ಹುಳ ಎಲ್ಲ ಪಕ್ಕಕ್ಕಿಟ್ಟು ಹಕ್ಕಿಗಳ ಪತ್ರಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಕರಿಬೇವಿನ ಗಿಡದ ಬುಡದಲ್ಲಿ ಇನ್ನೊಂದು ಗಿಡ ಎದ್ದು ಈಗ ಸೊಂಟದೆತ್ತರ ಆಗಿದೆ. ಅತ್ತೆಯವರು ನೋಡಿ ಇದು ಶ್ರೀಗಂಧ ಅಂತಾರೆ. ಎಲೆ ಹಿಸುಕಿ ಮೂಸಿದೆ, ಏನೂ ವಾಸನೆ ಇಲ್ಲ. ನನ್ನ ಮಗ ಗಂಧ ಆದರೆ ಕಿತ್ತು ಹಾಕು, ಪೊಲೀಸರು ಬರ್ತಾರೆ ಅಂತ ಹೆದರಿಸುತ್ತಾನೆ. ಇಟ್ಟುಕೊಳ್ಳಲಾ, ಬೇಡವಾ?
— ಓದುಗಿ, ಕುವೆಂಪುನಗರ, ಮೈಸೂರು

ಉತ್ತರ: ಅತ್ತೆಯವರ ಮಾತು ನಿಜ ಇರಬಹುದು. ವಾಸನೆ ನೋಡಿ ಗಂಧದ ಗಿಡ ಗುರುತಿಸಲು ಆಗುವುದಿಲ್ಲ. ಎಲೆಗೂ ಇಲ್ಲ, ಹೂವಿಗೂ ಇಲ್ಲ, ಹೊರಗಿನ ಬಿಳಿ ಮರಕ್ಕೂ ಇಲ್ಲ. ಪರಿಮಳ ಇರುವುದು ಒಳಗಿನ ಚೇಗಿನಲ್ಲಿ, ಅಂದರೆ ಕಾಂಡದ ನಡುವಿನ ಗಟ್ಟಿ ಮರದಲ್ಲಿ, ಮತ್ತು ಬೇರಿನಲ್ಲಿ. ಆ ಚೇಗು ಕಟ್ಟಲು ಶುರುವಾಗುವುದೇ ಹೆಚ್ಚುಕಡಿಮೆ ಹತ್ತು ವರ್ಷದ ಮೇಲೆ. ಗುರುತು ಬೇಕಾದರೆ ಹೀಗೆ ನೋಡಿ. ಎಲೆಗಳು ಎದುರುಬದುರಾಗಿ ಜೋಡಿಜೋಡಿ ಇರುತ್ತವೆ, ತೆಳ್ಳಗೆ, ಮೇಲೆ ಸ್ವಲ್ಪ ಹೊಳಪು. ಹೂವು ತೀರಾ ಪುಟ್ಟದು, ಅರಳುವಾಗ ಹುಲ್ಲಿನ ಬಣ್ಣ, ಆಮೇಲೆ ಕಂದುಗೆಂಪಿಗೆ ತಿರುಗುತ್ತದೆ. ಹಣ್ಣು ಬಟಾಣಿ ಗಾತ್ರ, ಮಾಗಿದರೆ ಕಪ್ಪು ನೇರಳೆ ಬಣ್ಣ, ತಲೆಯ ಮೇಲೆ ಉಂಗುರ ಒತ್ತಿದ ಹಾಗೆ ಒಂದು ಗುಂಡು ಗುರುತು, ಒಳಗೆ ಒಂದೇ ಗಟ್ಟಿ ಬೀಜ.

ಈ ಹಣ್ಣು ಕೋಗಿಲೆಗೆ, ಪಿಕಳಾರಕ್ಕೆ (ಬುಲ್‌ಬುಲ್ ಹಕ್ಕಿ), ಮೈನಾಗೆ ಅಂದರೆ ಪ್ರಾಣ. ಇಡೀ ಹಣ್ಣು ನುಂಗಿ, ತಿರುಳು ಇಟ್ಟುಕೊಂಡು, ಬೀಜ ಹೊರಗೆ ಹಾಕುತ್ತವೆ. ನಿಮ್ಮ ಬೀದಿಯಲ್ಲೋ ಹತ್ತಿರದ ಪಾರ್ಕಿನಲ್ಲೋ ಒಂದು ಗಂಧದ ಮರ ಇದ್ದೇ ಇರುತ್ತದೆ, ಹುಡುಕಿ. ಕರಿಬೇವಿನ ಹಣ್ಣು ತಿನ್ನಲು ಬಂದ ಹಕ್ಕಿ, ಹಿಂದಿನ ಮನೆಯಲ್ಲಿ ತಿಂದ ಗಂಧವನ್ನು ನಿಮ್ಮಲ್ಲಿ ಇಳಿಸಿದೆ. ಬುಡದಲ್ಲೇ ಎದ್ದದ್ದು ಅದೃಷ್ಟ. ಯಾಕೆಂದರೆ ಗಂಧ ಒಂಟಿಯಾಗಿ ಬದುಕುವ ಗಿಡ ಅಲ್ಲ. ಅದರ ಬೇರು ಪಕ್ಕದ ಗಿಡದ ಬೇರನ್ನು ಹುಡುಕಿಕೊಂಡು ಹೋಗಿ, ಅಂಟಿಕೊಂಡು, ನೀರು ಮತ್ತು ಸಾರ ಎಳೆದುಕೊಳ್ಳುತ್ತದೆ. ನರ್ಸರಿಯಲ್ಲಿ ಗಂಧದ ಸಸಿಯ ಚೀಲದಲ್ಲೇ ಹೊನಗೊನೆ ಸೊಪ್ಪೋ ತೊಗರಿಯೋ ಹಾಕುವುದು ಇದೇ ಕಾರಣಕ್ಕೆ. ಕುಂಡಕ್ಕೆ ಒಂದನ್ನೇ ತಂದು ನೆಟ್ಟು, ಬೆಳೀತಾನೇ ಇಲ್ಲ ಮೇಡಂ ಅಂತ ಬರೆಯುವವರು ವರ್ಷಕ್ಕೆ ನಾಲ್ಕು ಜನ ಸಿಗುತ್ತಾರೆ.

ಇನ್ನು ಪೊಲೀಸ್ ವಿಷಯ. ನಿಮ್ಮ ಮಗ ಹೇಳಿದ್ದು ನಮ್ಮ ಅಜ್ಜಿ ಕಾಲದ ಭಯ, ಸುಮ್ನೆ ಹುಟ್ಟಿದ್ದಲ್ಲ. 1792ರಲ್ಲಿ ಟಿಪ್ಪು ಗಂಧವನ್ನು ರಾಜಮರ ಅಂತ ಘೋಷಿಸಿದ, ಆಮೇಲೆ ಒಡೆಯರ ಕಾಲದಲ್ಲೂ ಅದು ಸರ್ಕಾರದ್ದೇ, 1916ರಲ್ಲಿ ನಮ್ಮೂರಲ್ಲೇ ಗಂಧದೆಣ್ಣೆ ಕಾರ್ಖಾನೆ ಬಂತು, ಸ್ವಾತಂತ್ರ್ಯ ಬಂದ ಮೇಲೂ ಅದೇ ಕತೆ. ನಿಮ್ಮ ಹಿತ್ತಲಲ್ಲಿ ಬೆಳೆದರೂ ಮರ ನಿಮ್ಮದಲ್ಲ, ಕಳುವಾದರೆ ಮಾತ್ರ ಉತ್ತರ ಹೇಳಬೇಕಾದವರು ನೀವು! ಹಾಗಾಗಿ ನಮ್ಮಜ್ಜಿ ಎರಡೆಲೆ ಗಂಧ ಕಂಡರೂ ಸುತ್ತಮುತ್ತ ನೋಡಿ, ಸೀರೆ ಸೆರಗಲ್ಲಿ ಮುಚ್ಚಿಕೊಂಡು ಕಿತ್ತು ಒಲೆಗೆ ಹಾಕುತ್ತಿದ್ದರು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಆಯಿತು. ಈಗ ನಿಮ್ಮ ಜಾಗದಲ್ಲಿ ಬೆಳೆದ ಗಂಧದ ಮರ ನಿಮ್ಮದೇ. ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅಷ್ಟೆ.

ಇಟ್ಟುಕೊಳ್ಳಿ. ಕಿತ್ತು ಬೇರೆ ಕಡೆ ನೆಡುವ ಸಾಹಸ ಬೇಡ, ಸೊಂಟದೆತ್ತರದ ಗಂಧ ಕಿತ್ತರೆ ಬದುಕುವುದು ಕಷ್ಟ. ಕರಿಬೇವು ಸ್ವಲ್ಪ ಸೊರಗಿದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ಈಗ ಇಬ್ಬರಿಗೆ ದುಡಿಯುತ್ತಿದೆ. ಇನ್ನೊಂದು ಮಾತು, ಮರ ದಪ್ಪವಾದ ಮೇಲೆ ಬಂದವರಿಗೆಲ್ಲ ತೋರಿಸಿ ಹೇಳಿಕೊಂಡು ತಿರುಗಬೇಡಿ. ಪೊಲೀಸರು ಬರದಿದ್ದರೂ ಗರಗಸದವರು ಬರುತ್ತಾರೆ.

ಪ್ರಶ್ನೆ: ತಾರಸಿಯ ಪ್ಯಾರಾಪೆಟ್ ಗೋಡೆಯಲ್ಲಿ ಅರಳಿ ಗಿಡ ಬಂದಿದೆ. ಕೀಳೋಣ ಅಂದರೆ ಯಜಮಾನರು ಅಶ್ವತ್ಥ ಕೀಳಬಾರದು ಅಂತಾರೆ. ಎರಡು ಸಲ ಕತ್ತರಿಸಿದೆ, ಮತ್ತೆ ಚಿಗುರಿದೆ.
— ಓದುಗಿ, ಸರಸ್ವತಿಪುರಂ, ಮೈಸೂರು

ಉತ್ತರ: ಹಕ್ಕಿ ತಂದ ಉಡುಗೊರೆಗಳಲ್ಲಿ ಇದೊಂದನ್ನು ನಾನು ವಾಪಸ್ ಕೊಡುತ್ತೇನೆ. ಅರಳಿ, ಆಲ, ಅತ್ತಿ, ಬಸರಿ, ಗೋಣಿ ಎಲ್ಲವೂ ಒಂದೇ ಕುಲ. ಇವುಗಳ ಬೀಜ ಸಾಸಿವೆಗಿಂತ ಸಣ್ಣದು. ಗೋಡೆಯ ಬಿರುಕಿನಲ್ಲಿ ಒಂದು ಚಿಟಿಕೆ ಧೂಳು, ಅದರ ಮೇಲೆ ಹಕ್ಕಿ ಹಿಕ್ಕೆ, ಒಂದು ಮಳೆ, ಇಷ್ಟಾದರೆ ಸಾಕು. ಕಾಡಿನಲ್ಲೂ ಇವು ಬೇರೆ ಮರದ ಕವಲಿನಲ್ಲಿ ಹುಟ್ಟಿ ಬೇರನ್ನು ಕೆಳಗೆ ಬಿಡುವ ಜಾತಿ. ನಿಮ್ಮ ಮನೆ ಅದಕ್ಕೆ ಇನ್ನೊಂದು ಮರ, ಅಷ್ಟೇ.

ಕತ್ತರಿಸಿದರೆ ಸಾಯುವುದಿಲ್ಲ, ಹಟ ಜಾಸ್ತಿ ಆಗುತ್ತದೆ. ಮೇಲೆ ಬೆರಳುದ್ದ ಗಿಡ ಇದ್ದರೆ ಒಳಗೆ ಮೊಳದುದ್ದ ಬೇರು. ನನ್ನದೇ ಕತೆ ಹೇಳುತ್ತೇನೆ ಕೇಳಿ. ನಾಲ್ಕೆಲೆ ಅರಳಿ, ಎಲೆ ತಾಮ್ರದ ಬಣ್ಣಕ್ಕೆ ಫಳಫಳ ಹೊಳೆಯುತ್ತಿತ್ತು, ಪಾಪ ಇರಲಿ ಅಂತ ಎರಡು ವರ್ಷ ಬಿಟ್ಟೆ. ಮೂರನೇ ಮಳೆಗಾಲಕ್ಕೆ ಅಡುಗೆಮನೆ ಸೂರಿನಿಂದ ಟಪ್ ಟಪ್ ಅಂತ ನೀರು, ಅದೂ ಸರಿಯಾಗಿ ಒಲೆಯ ಮೇಲಕ್ಕೆ. ಗಾರೆಯವರು ಬಂದು ಒಡೆದರೆ ಇಟ್ಟಿಗೆ ಸಂದಿಯಲ್ಲಿ ಬೇರು ಜಡೆ ಹೆಣೆದ ಹಾಗೆ ಹೋಗಿತ್ತು. ಯಾರೋ ಹೇಳಿದರು ಅಂತ ಅದಕ್ಕೂ ಮೊದಲು ಬುಡ ಕೊಯ್ದು ಇಂಗು ತುಂಬಿದ್ದೆ. ಗಿಡಕ್ಕೆ ಏನೂ ಆಗಲಿಲ್ಲ. ಆ ತಿಂಗಳು ಸಾರಿಗೆ ಇಂಗಿರಲಿಲ್ಲ.

ಮಾಡಬೇಕಾದ್ದು ಇಷ್ಟು. ಮಳೆ ಬಂದು ಗೋಡೆ ನೆಂದ ಮಾರನೇ ದಿನ, ಸುತ್ತ ಗಾರೆಯನ್ನು ಉಳಿಯಿಂದ ಸ್ವಲ್ಪ ಬಿಡಿಸಿ, ಬೇರು ತುಂಡಾಗದ ಹಾಗೆ ನಿಧಾನ ಎಳೆಯಿರಿ. ಬಿರುಕನ್ನು ಅದೇ ವಾರ ಸಿಮೆಂಟಿನಿಂದ ಮುಚ್ಚಿಸಿ, ಇಲ್ಲದಿದ್ದರೆ ಮುಂದಿನ ವರ್ಷ ಅದೇ ಜಾಗಕ್ಕೆ ಇನ್ನೊಂದು ಬರುತ್ತದೆ. ಯಜಮಾನರಿಗೆ ಸಮಾಧಾನ ಆಗಬೇಕಲ್ಲ, ಕಿತ್ತ ಗಿಡವನ್ನು ಕುಂಡಕ್ಕೆ ಹಾಕಿ ನೆರಳಲ್ಲಿಡಿ. ಅರಳಿ ಗಟ್ಟಿ ಪಿಂಡ, ಹಿಡಿದುಕೊಳ್ಳುತ್ತದೆ. ಮೊಣಕಾಲೆತ್ತರ ಆದ ಮೇಲೆ ಊರಿನ ಕಡೆ ಕೆರೆ ಏರಿಯ ಹತ್ತಿರವೋ, ಒಣಗಿದ ಹಳೇ ಅಶ್ವತ್ಥಕಟ್ಟೆಗೋ ಕೊಡಿ. ಹೀಗೆ ಮಾಡಿದರೆ ಕಿತ್ತ ಹಾಗೂ ಆಯಿತು, ನೆಟ್ಟ ಹಾಗೂ ಆಯಿತು.

ಪ್ರಶ್ನೆ: ಹಕ್ಕಿಗೆ ಅಂತ ತುಳಸಿಕಟ್ಟೆ ಪಕ್ಕ ನೀರಿನ ಬಟ್ಟಲಿಟ್ಟೆ. ದಿನಾ ಒಂದು ಕಾಗೆ ಬಂದು ಅದರಲ್ಲಿ ಮೂಳೆ ಹಾಕಿ ಹೋಗುತ್ತೆ. ನಾವು ಈರುಳ್ಳಿ ಕೂಡ ತಿನ್ನದವರು. ಒಂದು ದಿನ ಅರ್ಧ ಸೋಪು, ನಿನ್ನೆ ಒಂದು ಚಮಚ. ಇದೇನು ಶಕುನವಾ?
— ಓದುಗರು, ಚಾಮುಂಡಿಪುರಂ, ಮೈಸೂರು

ಉತ್ತರ: ನಗು ತಡೆಯಲು ಆಗಲಿಲ್ಲ, ಕ್ಷಮಿಸಿ. ಶಕುನ ಗಿಕುನ ಏನೂ ಇಲ್ಲ. ಕಾಗೆ ಗಟ್ಟಿ ತಿಂಡಿಯನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡಿಕೊಂಡು ತಿನ್ನುತ್ತದೆ. ಒಣಗಿದ ರೊಟ್ಟಿ, ಬ್ರೆಡ್ಡು, ಮೂಳೆಗೆ ಅಂಟಿದ ಮಾಂಸ ಎಲ್ಲಕ್ಕೂ ಅದೇ ಉಪಚಾರ. ನಾವು ರಸ್ಕನ್ನು ಕಾಫಿಗೆ ಅದ್ದುವ ಹಾಗೆ ಅಂದುಕೊಳ್ಳಿ. ನಿಮ್ಮ ಬಟ್ಟಲು ಅದರ ಅಡುಗೆಮನೆ ಆಗಿದೆ. ಸೋಪು, ಚಮಚ ಎತ್ತಿಕೊಂಡು ಹೋಗುವುದು ಕಾಗೆಯ ಚಾಳಿ, ದಾರಿಯಲ್ಲಿ ಇನ್ನೇನೋ ಕಂಡರೆ ಬಾಯಲ್ಲಿದ್ದದ್ದನ್ನು ಬಿಟ್ಟುಬಿಡುತ್ತದೆ. ಚಮಚ ಪಕ್ಕದ ಮನೆಯದ್ದಿರಬಹುದು, ಕೇಳಿ ನೋಡಿ.

ಬಟ್ಟಲು ಆಳ ಇದ್ದರೆ ಕಾಗೆಗೆ ಅನುಕೂಲ. ಎರಡು ಬೆರಳಿಗಿಂತ ಆಳ ಇಲ್ಲದ ಮಣ್ಣಿನ ತಟ್ಟೆ ತಂದು, ಒಳಗೆ ನಾಲ್ಕು ಕಲ್ಲು ಹಾಕಿ, ಗಿಡದ ಸಂದಿಯಲ್ಲಿಡಿ. ಪಿಕಳಾರ, ಮಡಿವಾಳ, ಸಿಂಪಿಗ ಅಲ್ಲಿಗೆ ಬರುತ್ತವೆ. ಹಳೇ ಬಟ್ಟಲನ್ನು ತುಳಸಿಯಿಂದ ದೂರ, ಕಾಂಪೌಂಡ್ ಮೂಲೆಗೆ ಸಾಗಿಸಿ ಕಾಗೆಗೇ ಬಿಡಿ. ಎರಡೂ ಕಡೆ ನೀರು ದಿನಾ ಚೆಲ್ಲಿ ಉಜ್ಜಿ ತುಂಬಿ, ವಾರ ಬಿಟ್ಟರೆ ಸೊಳ್ಳೆ ಮರಿ ಮಾಡುತ್ತದೆ. ಪಿತೃಪಕ್ಷದಲ್ಲಿ ಎಡೆ ಇಟ್ಟು, ತಾರಸಿ ಮೇಲೆ ನಿಂತು ಕಾ ಕಾ ಅಂತ ಅರ್ಧ ಗಂಟೆ ಕರೆಯುವವರು ನಾವೇ ಅಲ್ವಾ? ಪರಿಚಯ ಇಟ್ಟುಕೊಂಡಿರಿ, ಆಗ ಬೇಗ ಬರುತ್ತದೆ.

ಪ್ರಶ್ನೆ: ಕಾಂಪೌಂಡ್ ಬದಿಯಲ್ಲಿ ತಾನಾಗೇ ಒಂದು ಮೆಣಸಿನ ಗಿಡ ಬಂದಿದೆ, ಕಾಯಿ ಸಣ್ಣ, ಆಕಾಶ ನೋಡಿಕೊಂಡು ನಿಂತಿದೆ, ಖಾರ ಬ್ರಹ್ಮಾಂಡ. ಇಷ್ಟು ಖಾರ ಹಕ್ಕಿ ಹೇಗೆ ತಿನ್ನುತ್ತೆ?
— ಓದುಗರು, ಮಂಡ್ಯ

ಉತ್ತರ: ಸೂಜಿಮೆಣಸು. ಹಕ್ಕಿಗೆ ಖಾರ ಗೊತ್ತೇ ಆಗುವುದಿಲ್ಲ. ನಮ್ಮ ಬಾಯಿ ಉರಿಸುವ ವಸ್ತು ಕ್ಯಾಪ್ಸೈಸಿನ್, ಅದು ಹಕ್ಕಿಯ ನರಕ್ಕೆ ತಾಕುವುದಿಲ್ಲ. ಇಲಿ, ಅಳಿಲು ತಿಂದರೆ ಹಲ್ಲಿನಲ್ಲಿ ಬೀಜ ಜಜ್ಜಿ ಹೋಗುತ್ತದೆ, ಹಕ್ಕಿಗೆ ಹಲ್ಲಿಲ್ಲ, ಬೀಜ ಇಡಿಯಾಗಿ ಆಚೆ ಬರುತ್ತದೆ. ಹಲ್ಲಿರುವವರು ದೂರ ಇರಲಿ, ರೆಕ್ಕೆ ಇರುವವರು ತಿನ್ನಲಿ ಅಂತ ಗಿಡವೇ ಮಾಡಿಕೊಂಡ ಏರ್ಪಾಡು ಇದು. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂತು, ಅಲ್ಲಿಂದ ನಿಮ್ಮ ಕಾಂಪೌಂಡಿಗೆ ಬರುವ ಕೊನೆ ದಾರಿ ಮಾತ್ರ ಪಿಕಳಾರದ್ದು. ಹಣ್ಣಾದದ್ದರಲ್ಲಿ ಅರ್ಧ ಅವಕ್ಕೇ ಬಿಡಿ, ಮಿಕ್ಕಿದ್ದನ್ನು ಉಪ್ಪು ಮಜ್ಜಿಗೆಯಲ್ಲಿ ಹಾಕಿ ಒಣಗಿಸಿ.

ಪ್ರಶ್ನೆ: ನೇತುಹಾಕಿದ ಮನಿಪ್ಲಾಂಟ್ ಕುಂಡದಲ್ಲಿ ಪಿಕಳಾರ ಗೂಡು ಕಟ್ಟಿ ಮೂರು ಮೊಟ್ಟೆ ಇಟ್ಟಿದೆ. ನೀರು ಹಾಕುವುದು ಹೇಗೆ? ಮಕ್ಕಳು ದಿನಕ್ಕೆ ಹತ್ತು ಸಲ ಫೋಟೋ ತೆಗೆಯುತ್ತಾರೆ.
— ಓದುಗಿ, ವಿಜಯನಗರ, ಮೈಸೂರು

ಉತ್ತರ: ಮೊದಲು ಫೋಟೋ ನಿಲ್ಲಿಸಿ. ಹಕ್ಕಿಗೆ ನಾಚಿಕೆ ಅಂತಲ್ಲ. ನೀವು ಎಲ್ಲಿ ಇಣುಕುತ್ತೀರಿ ಅನ್ನುವುದನ್ನು ಎದುರು ಮನೆ ಆಂಟೆನಾ ಮೇಲಿನ ಕಾಗೆ ನೋಡಿಕೊಳ್ಳುತ್ತಿರುತ್ತದೆ. ನೀವು ಒಳಗೆ ಹೋದ ಐದು ನಿಮಿಷಕ್ಕೆ ಅದು ಬರುತ್ತದೆ. ಕೆಂಬೂತವೂ ಅಷ್ಟೇ, ಮೊಟ್ಟೆ ಮರಿ ಎರಡನ್ನೂ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಒಂದು ಗೂಡು ಹೋದದ್ದು ನನ್ನ ಕುತೂಹಲದಿಂದಲೇ ಅಂತ ನನಗೆ ಈಗಲೂ ಅನುಮಾನ ಇದೆ.

ಮೊಟ್ಟೆ ಒಡೆಯಲು ಸುಮಾರು 12 ದಿನ, ಮರಿ ಗೂಡು ಬಿಡಲು ಮತ್ತೆ 12ರಿಂದ 14 ದಿನ. ಅಂದರೆ ಒಂದು ತಿಂಗಳಿನ ಒಳಗೆ ಕುಂಡ ನಿಮ್ಮ ಕೈಗೆ ವಾಪಸ್. ಮನಿಪ್ಲಾಂಟ್ ಅಷ್ಟು ಸುಲಭಕ್ಕೆ ಸಾಯುವ ಗಿಡ ಅಲ್ಲ, ನಾಲ್ಕು ದಿನಕ್ಕೊಮ್ಮೆ, ತಾಯಿ ಎದ್ದು ಹೋದಾಗ, ಒಂದು ಲೋಟ ನೀರನ್ನು ಕುಂಡದ ಅಂಚಿನಲ್ಲಿ ಗೂಡಿಗೆ ತಾಕದ ಹಾಗೆ ಇಳಿಸಿ ಬಂದುಬಿಡಿ. ಮರಿ ಕೆಳಗೆ ಬಿದ್ದರೆ ಎತ್ತಿ ಗೂಡಿಗೆ ಇಡಬಹುದು. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಪುಕ್ಕ ಬಂದು, ಮೋಟು ಬಾಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ಬೆಕ್ಕಿಗೆ ಸಿಗದ ಹಾಗೆ ಒಂದು ಪೊದೆ ಮೇಲೆ ಕೂರಿಸಿ, ಆಮೇಲೆ ಅಮ್ಮ ನೋಡಿಕೊಳ್ಳುತ್ತಾಳೆ. ಆ ತಿಂಗಳು ನಿಮ್ಮ ಗಿಡಗಳ ಹಸಿರು ಹುಳ ಎಲ್ಲಿ ಹೋಯಿತು ಅಂತ ಹುಡುಕಬೇಡಿ. ದೊಡ್ಡ ಪಿಕಳಾರ ಹಣ್ಣು ತಿಂದುಕೊಂಡಿದ್ದರೂ ಮರಿಗೆ ಹುಳವನ್ನೇ ತಂದು ತಂದು ತುರುಕುತ್ತದೆ.

ಪ್ರಶ್ನೆ: ಮಾವಿನ ಮರದಲ್ಲಿ ಒಂದು ಕೊಂಬೆಯ ಎಲೆ ಮಾತ್ರ ಬೇರೆ ತರ, ದಪ್ಪ, ಬೂದು ಹಸಿರು. ಕಿತ್ತಳೆ ಬಣ್ಣದ ಉದ್ದ ಹೂವೂ ಬಿಟ್ಟಿದೆ. ಮಾವಿನಲ್ಲಿ ಇಂಥ ಹೂವಾ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಅದು ಮಾವಲ್ಲ, ಬದನಿಕೆ. ಮರದ ಮೇಲೆ ಹುಟ್ಟುವ ಪರಾವಲಂಬಿ ಗಿಡ. ತಂದದ್ದು ಬದನಿಕೆ ಹಕ್ಕಿ, ನಮ್ಮ ಕಡೆಯ ಹಕ್ಕಿಗಳಲ್ಲೇ ಅತಿ ಪುಟ್ಟದು, ಉದ್ದ ಬರೀ 8 ಸೆಂಟಿಮೀಟರ್. ಹೆಬ್ಬೆರಳಿನ ಮೇಲೆ ಕೂರಿಸಬಹುದು. ಇದರ ಕೆಲಸವನ್ನು ಹತ್ತಿರದಿಂದ ನೋಡಿದರೆ ಮರೆಯುವುದಿಲ್ಲ. ಬದನಿಕೆಯ ಬೀಜಕ್ಕೆ ಗೋಂದಿನ ತರ ಒಂದು ಅಂಟು. ಹಕ್ಕಿ ಹಣ್ಣು ನುಂಗಿ ಸ್ವಲ್ಪ ಹೊತ್ತಿಗೆ ಹಿಕ್ಕೆ ಹಾಕಬೇಕು, ಬೀಜ ಕೆಳಗೆ ಬೀಳುವುದಿಲ್ಲ, ಅಂಟಿನ ದಾರದಲ್ಲಿ ಹಿಂದೆಯೇ ನೇತಾಡುತ್ತದೆ. ಆಗ ಅದು ಕೊಂಬೆಯ ಮೇಲೆ ಅಡ್ಡಡ್ಡ ಸರಿದು, ಹಿಂಭಾಗವನ್ನು ತೊಗಟೆಗೆ ಉಜ್ಜಿ ಉಜ್ಜಿ ಬಿಡಿಸಿಕೊಳ್ಳುತ್ತದೆ. ಬೀಜ ಅಲ್ಲೇ ಅಂಟಿಕೊಂಡು, ತೊಗಟೆಯೊಳಗೆ ಬೇರಿಳಿಸಿ, ಮರದ ರಸ ಹೀರುತ್ತದೆ. ಬೇಕಾದ ಜಾಗಕ್ಕೇ ನೆಟ್ಟ ಹಾಗೆ.

ಬಿಟ್ಟರೆ ನಾಲ್ಕೈದು ವರ್ಷದಲ್ಲಿ ಕೊಂಬೆಗಳು ಒಂದೊಂದಾಗಿ ಒಣಗುತ್ತವೆ. ಬದನಿಕೆಯನ್ನು ಮಾತ್ರ ಮುರಿದರೆ ಪ್ರಯೋಜನ ಇಲ್ಲ, ಅದು ಅಂಟಿದ ಗಂಟಿನಿಂದ ಒಂದಡಿ ಕೆಳಗೆ ಮಾವಿನ ಕೊಂಬೆಯನ್ನೇ ಕತ್ತರಿಸಿ. ಹಣ್ಣಾಗುವ ಮೊದಲೇ ಮಾಡಿ. ಆದರೆ ಬೇಲಿಯ ಹೊಂಗೆಯಲ್ಲೋ ಇನ್ನೊಂದು ಕಾಡುಮರದಲ್ಲೋ ಒಂದು ಬದನಿಕೆ ಇದ್ದರೆ ಅದನ್ನು ಬಿಡಿ ಅಂತ ನನ್ನ ಸಲಹೆ. ಅದರ ಹೂವಿನ ಜೇನಿಗೆ ಸೂರಕ್ಕಿ ಬರುತ್ತದೆ. ರೆಕ್ಕೆಯ ಕೆಳಗೆ ಹಳದಿ, ಅಂಚಿಗೆ ಕೆಂಪು ಬೊಟ್ಟು ಇಟ್ಟುಕೊಂಡ ಒಂದು ಚಿಟ್ಟೆ ನಮ್ಮ ಕಡೆ ತುಂಬಾ ಇದೆಯಲ್ಲ, ಅದು ಮೊಟ್ಟೆ ಇಡುವುದೇ ಬದನಿಕೆ ಎಲೆಯ ಮೇಲೆ.

ಪ್ರಶ್ನೆ: ಅಕ್ಕಾ, ನಮ್ದು ಮದ್ದೂರು ಕಡೆ. ಹಿತ್ತಲ ಹುಣಸೆಮರದಲ್ಲಿ ಬೆಳ್ಳಕ್ಕಿ ಗೂಡು ಕಟ್ಟವೆ. ಕೆಳಗೆಲ್ಲಾ ಸುಣ್ಣ ಬಳಿದಂಗೆ ಹಿಕ್ಕೆ. ಅಲ್ಲಿದ್ದ ದಂಟಿನ ಸೊಪ್ಪು ಸುಟ್ಟಂಗಾಗದೆ. ನಮ್ಮವ್ವ ಅದೇ ಒಳ್ಳೆ ಗೊಬ್ಬರ ಅಂತಾಳೆ. ಯಾವುದು ನಿಜ?
— ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಎರಡೂ ನಿಜ, ಅಣ್ಣ. ಹಕ್ಕಿಗೆ ಮಲ ಬೇರೆ, ಮೂತ್ರ ಬೇರೆ ಅಂತ ಇಲ್ಲ, ಎರಡೂ ಒಟ್ಟಿಗೆ ಬರುತ್ತವೆ. ಬೆಳ್ಳಗೆ ಇರುವುದು ಯೂರಿಕ್ ಆಮ್ಲ, ಅದರಲ್ಲಿ ಸಾರಜನಕ ಜಾಸ್ತಿ. ಹಸಿಯಾಗಿ ಎಲೆ ಮೇಲೆ ಬಿದ್ದರೆ ಸುಡುತ್ತದೆ, ಕಳಿತು ಮಣ್ಣಿಗೆ ಸೇರಿದರೆ ಅದೇ ಬೆಳೆಗೆ ಊಟ.

ನಿಮ್ಮ ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿದ್ದೀರಾ? ದೂರದೂರದಿಂದ ಜನ ಬಂದು ನೋಡುತ್ತಾರೆ, ಪಕ್ಕದವರು ನಾವೇ ಹೋಗಿರುವುದಿಲ್ಲ. ಊರೊಳಗಿನ ಹುಣಸೆ, ಆಲದ ಮರಗಳ ಮೇಲೆ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ, ಮನೆ ಹೆಂಚಿನ ಮೇಲೆ, ಜಗಲಿ ಮುಂದೆ, ಯಾವ ಅಂಜಿಕೆಯೂ ಇಲ್ಲದೆ. ಊರಿನವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ, ಹುಣಸೆ ಫಸಲು ಹೋದರೂ ಕೊಂಬೆ ಬಡಿಯುವುದಿಲ್ಲ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯಿತು. ಅಲ್ಲಿನ ರೈತರು ಬಹಳ ಹಿಂದಿನಿಂದ ಮಾಡುತ್ತಿದ್ದ ಉಪಾಯವನ್ನೇ ನೀವೂ ಮಾಡಿ. ಮರದ ಕೆಳಗೆ ಗುಂಡಿ ತೋಡಿ, ಕೆರೆ ಗೋಡು ಹಾಕಿಡಿ. ಹಿಕ್ಕೆ ಅದರ ಮೇಲೇ ಬೀಳುತ್ತದೆ. ನಾನಾದರೆ ಒಂದು ಮಂಕರಿ ಹಿಕ್ಕೆಗೆ ನಾಲ್ಕು ಮಂಕರಿ ಗೋಡು, ತರಗು, ಒಣಹುಲ್ಲು ಅನ್ನುವ ಲೆಕ್ಕದಲ್ಲಿ ಬೆರೆಸಿ, ತೇವ ಆರದ ಹಾಗೆ ಮೂರು ತಿಂಗಳು ಬಿಡುತ್ತೇನೆ. ವಾಸನೆ ಹೋಗಿ ಮಣ್ಣಿನ ಘಮ ಬಂದಾಗ ಹೊಲಕ್ಕೆ ಹಾಕಿ. ದಂಟಿನ ಮಡಿಯನ್ನು ಮಾತ್ರ ಈ ಕಡೆಗೆ ಸರಿಸಿಕೊಳ್ಳಿ, ಹಿಕ್ಕೆ ಬಿದ್ದ ಸೊಪ್ಪು ಅಡುಗೆಗೆ ಬೇಡ. ಅವ್ವನಿಗೆ ನಮಸ್ಕಾರ ಹೇಳಿ.

ಪ್ರಶ್ನೆ: ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ ರಾಶಿ ಬಿದ್ದಿದೆ. ಇದನ್ನೂ ಕುಂಡಕ್ಕೆ ಹಾಕಬಹುದಾ?
— ಓದುಗಿ, ಗೋಕುಲಂ, ಮೈಸೂರು

ಉತ್ತರ: ಬೇಡ. ಒಣಗಿದ ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಬಾಲ್ಕನಿಯಂಥ ಇಕ್ಕಟ್ಟಿನಲ್ಲಿ ಇನ್ನೂ ಕೆಟ್ಟದ್ದು. ಒಣ ಪೊರಕೆ ಹಾಕಬೇಡಿ. ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ ನೆನೆಸಿ, ಆಮೇಲೆ ಬಳಿದು ತೆಗೆಯಿರಿ. ಮನೆಯಲ್ಲಿ ದಮ್ಮಿನವರಿದ್ದರೆ ಈ ಕೆಲಸ ಅವರಿಗೆ ಬೇಡವೇ ಬೇಡ.

ಪ್ರಶ್ನೆ: ಹಳೇ ಮನೆಯ ಅಟ್ಟಕ್ಕೆ ಬಿಳಿ ಮುಖದ ಗೂಬೆ ಸೇರಿಕೊಂಡಿದೆ. ಊರವರು ಮನೆ ಬಿಡಿ ಅಂತಾರೆ.
— ಓದುಗರು, ಪಾಂಡವಪುರ

ಉತ್ತರ: ಮನೆ ಬಿಡಬೇಕಾದವರು ಇಲಿಗಳು. ಅಟ್ಟದಲ್ಲಿ ಬೆರಳು ಗಾತ್ರದ ಕಪ್ಪು ಉಂಡೆ ಬಿದ್ದಿದ್ದರೆ ಒಂದನ್ನು ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿ. ಇಲಿಯ ತಲೆಬುರುಡೆ, ಹಲ್ಲು, ಕೂದಲು ಸಿಗುತ್ತವೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ್ದನ್ನು ಹೀಗೆ ಕಕ್ಕುತ್ತದೆ. ಉಂಡೆ ಎಣಿಸಿ ಊರವರಿಗೆ ತೋರಿಸಿ. ಸುತ್ತ ಭತ್ತ, ಕಬ್ಬು ಇರುವ ಊರಲ್ಲಿ ಕೂಲಿ ಕೇಳದೆ ರಾತ್ರಿಪಾಳಿ ಮಾಡುವವರನ್ನು ಓಡಿಸುತ್ತಾರಾ? ಹಿಡಿಯಲು ಯಾರಾದರೂ ಬಂದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅಂತ ಹೇಳಿ ಕಳಿಸಿ. ಇಲಿ ಪಾಷಾಣ ಮಾತ್ರ ಇಡಬೇಡಿ, ಪಾಷಾಣ ತಿಂದ ಇಲಿ ತಿಂದರೆ ಗೂಬೆಯೂ ಸಾಯುತ್ತದೆ.

ಪ್ರಶ್ನೆ: ತಾನಾಗಿ ಬಂದ ಗಿಡಗಳಲ್ಲಿ ಯಾವುದು ಇಟ್ಟುಕೊಳ್ಳಬೇಕು, ಯಾವುದು ಕೀಳಬೇಕು ಅಂತ ತಿಳಿಯುವುದೇ ಇಲ್ಲ. ಎಲ್ಲ ಒಂದೇ ತರ ಕಾಣುತ್ತೆ.
— ಓದುಗಿ, ಮೈಸೂರು

ಉತ್ತರ: ಎರಡೆಲೆಯಲ್ಲಿ ಎಲ್ಲವೂ ಒಂದೇ ತರ. ಆರೆಲೆ ಬರುವವರೆಗೆ ಕಾಯಿರಿ, ಕಳೆ ಕೀಳುವ ಆಳಿಗೂ ಹೇಳಿಡಿ. ಗೋಡೆ, ಸಂಪು, ಪೈಪಿನ ಹತ್ತಿರ ಬಂದದ್ದಕ್ಕೆ ಈ ರಿಯಾಯಿತಿ ಇಲ್ಲ. ಲಂಟಾನ ಬಂದರೂ ಕೀಳಿ, ಬಂಡೀಪುರದ ಕಾಡನ್ನೇ ತಿಂದು ಕೂತಿದೆ, ನಿಮ್ಮ ಹಿತ್ತಲು ಯಾವ ಲೆಕ್ಕ. ಬೇವು ತಂತಿ ಕೆಳಗೇ ಬರುತ್ತದೆ, ಯಾಕೆಂದರೆ ಹಕ್ಕಿ ಕೂರುವುದು ಅಲ್ಲೇ. ಚಿಕ್ಕದಿರುವಾಗಲೇ ಎತ್ತಿ ಸರಿಸಿ. ಕರಿಬೇವು, ಬಸಳೆ, ಸೀಬೆ ಬಂದರೆ ಲಾಭ. ಗಸಗಸೆ ಹಣ್ಣಿನ ಮರ ಬಂದರೆ ಎರಡೇ ವರ್ಷಕ್ಕೆ ನೆರಳು, ಆದರೆ ಕೆಳಗೆ ಕಾರು ನಿಲ್ಲಿಸಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟ ಗಣಿಕೆ. ನಮ್ಮ ಮನೆಯ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಉದ್ದಕ್ಕೂ ಸಾಲು ಹಿಡಿದು ಗಣಿಕೆ ಎದ್ದಿದೆ, ದಾರ ಹಿಡಿದು ಬಿತ್ತಿದ ಹಾಗೆ. ಒಂದು ಬೆಳಗ್ಗೆ ಕಾಫಿ ಹಿಡಿದು ಕೂತು ನೋಡಿದೆ. ಕೆಮ್ಮೀಸೆ ಪಿಕಳಾರ ಬಂತು, ಜುಟ್ಟು ಎತ್ತಿ ಆ ಕಡೆ ಈ ಕಡೆ ನೋಡಿತು, ಕಪ್ಪಗಾದ ಒಂದು ಹಣ್ಣು ಕಿತ್ತು ಗುಳಕ್ ಅಂತ ನುಂಗಿತು, ಮತ್ತೆರಡು ನುಂಗಿತು, ತಂತಿಗೆ ಹಾರಿ ಕೊಕ್ಕನ್ನು ಎಡಕ್ಕೊಂದು ಬಲಕ್ಕೊಂದು ಸಲ ಒರೆಸಿಕೊಂಡಿತು, ನನ್ನ ಬಿಳಿ ಟವಲ್ ಮೇಲೆ ನೇರಳೆ ಬಣ್ಣದ ಒಂದು ಬೊಟ್ಟು ಹಾಕಿ ಹೋಯಿತು. ಬೊಟ್ಟಿನಲ್ಲಿ ಬೀಜ ಎಣಿಸಿದೆ, ಹದಿನಾಲ್ಕು. ಟವಲ್ ಕಲೆ ಹೋಗಿಲ್ಲ. ಗಣಿಕೆ ಸೊಪ್ಪು ತೊಗರಿಬೇಳೆ ಹಾಕಿ ಮಸ್ಸೊಪ್ಪು ಮಾಡಿದರೆ ಮುದ್ದೆಗೆ ಇನ್ನೇನೂ ಬೇಡ. ಹಸಿರು ಕಾಯಿ ಮಾತ್ರ ಮಕ್ಕಳು ತಿನ್ನಬಾರದು, ವಿಷ ಇರುತ್ತದೆ. ಎಳೆ ಉಮ್ಮತ್ತಿ ಗಿಡವನ್ನು ಗಣಿಕೆ ಅಂದುಕೊಳ್ಳುವವರೂ ಇದ್ದಾರೆ, ಹಾಗಾಗಿ ಮೊದಲ ಸಲ ಸೊಪ್ಪು ಮಾರುವ ಅಜ್ಜಿಗೆ ಒಂದು ಕಡ್ಡಿ ತೋರಿಸಿ ಕೇಳಿಕೊಂಡೇ ಒಲೆ ಮೇಲಿಡಿ.

ಪ್ರಶ್ನೆ: ಎಲ್ಲರ ಮನೆಗೂ ಏನೇನೋ ಬರುತ್ತೆ, ನಮ್ಮ ಹೊಸ ಬಡಾವಣೆಯಲ್ಲಿ ಒಂದು ಮರವೂ ಇಲ್ಲ, ಹಕ್ಕಿ ಬಂದರೂ ನಿಲ್ಲಲ್ಲ. ಏನು ಮಾಡಲಿ?
— ಓದುಗರು, ಬೋಗಾದಿ, ಮೈಸೂರು

ಉತ್ತರ: ಕೂರಲು ಜಾಗ ಕೊಡಿ. ಹಕ್ಕಿ ಹಾರುತ್ತಾ ಹಾಕಿದ ಬೀಜ ರಸ್ತೆ ಪಾಲು, ಕೂತು ಹಾಕಿದ ಬೀಜ ಗಿಡದ ಪಾಲು. ಗಂಧ ಕರಿಬೇವಿನ ಬುಡದಲ್ಲಿ, ಅರಳಿ ಪ್ಯಾರಾಪೆಟ್ಟಿನಲ್ಲಿ, ಗಣಿಕೆ ತಂತಿ ಕೆಳಗೆ ಬಂದದ್ದನ್ನು ಮೇಲೆ ನೋಡಿದಿರಲ್ಲ, ಎಲ್ಲದಕ್ಕೂ ಇದೇ ಲೆಕ್ಕ. ಹೊಲದಲ್ಲಿ ಹುಳ ಹಿಡಿಯಲು ಕಾಜಾಣ ಬಂದು ಕೂರಲಿ ಅಂತ ರೈತರು ಕವಲುಕೋಲು ನೆಡುತ್ತಾರೆ. ನಾನು ಅದನ್ನೇ ತಾರಸಿಗೆ ತಂದೆ. ಆಳೆತ್ತರದ ಒಣಗಿದ ಸೀಬೆ ಕೊಂಬೆಯೊಂದನ್ನು ಹಳೇ ಪೇಂಟ್ ಡಬ್ಬದಲ್ಲಿ ಮಣ್ಣು ತುಂಬಿ ನಿಲ್ಲಿಸಿ, ಸುತ್ತ ಬರೀ ಮಣ್ಣು ತುಂಬಿದ ನಾಲ್ಕು ಅಗಲದ ಕುಂಡ ಇಟ್ಟೆ. ಬೀಜ ಏನೂ ಹಾಕಲಿಲ್ಲ, ನೀರು ಮಾತ್ರ ಹಾಕುತ್ತಿದ್ದೆ. ಮನೆಯವರು ಬರೀ ಮಣ್ಣಿಗೆ ನೀರು ಹಾಕುತ್ತ ನಿಂತ ನನ್ನನ್ನು ನೋಡಿ ಏನೂ ಹೇಳದೆ ಒಳಗೆ ಹೋಗುತ್ತಿದ್ದರು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಎರಡು ಗಣಿಕೆ, ಒಂದು ಬೇವು, ಒಂದು ಸೂಜಿಮೆಣಸು, ಕಾಗೆತೊಂಡೆ ಬಳ್ಳಿ ಒಂದು.

ಕೊಂಬೆಯ ತುದಿ ತೆಳುವಾಗಿರಲಿ, ಬೆರಳಿಗಿಂತ ದಪ್ಪ ಬೇಡ, ಪಿಕಳಾರ ಅಂಥದ್ದನ್ನೇ ಇಷ್ಟಪಡುತ್ತದೆ. ಪಕ್ಕದಲ್ಲಿ ಆಳ ಇಲ್ಲದ ನೀರಿನ ತಟ್ಟೆ ಇಡಿ. ದಪ್ಪ ಪಟ್ಟಿ ಅಡ್ಡ ಹೊಡೆದು ಭದ್ರವಾಗಿ ಮಾಡಿದರೆ ಕಾಗೆ ಬಂದು ಕೂರುತ್ತದೆ. ಆಮೇಲೆ ಏನೇನು ಸಿಗಬಹುದು ಅಂತ ಚಾಮುಂಡಿಪುರಂ ಓದುಗರನ್ನು ಕೇಳಿ.